ಕಾಫಿ ಬಿಡಬೇಡ ಅಮ್ಮಾ

ಬಾಸ್ಟನ್

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮಾವನ ವರ್ಷಾಬ್ದಿಕ ಸರಿಯಾಗಿ ನಡೆಯಿತು ಅಂತ ತಂಗಿ ಹೇಳಿದಳು. ಕಾಫಿ ಕುಡಿದೇ ಅವನಿಗೆ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಕ್ಯಾನ್ಸರ್ ಬಂತು ಅಂತ ಯಾರೋ ಹೇಳಿದರಂತೆ, ನೀನು ಕಾಫಿ ಬಿಟ್ಟೆಯಂತೆ. ಆ ಗುಲ್ಲು ಎದ್ದಿದ್ದೇ ನಾನಿರುವ ಊರಿನಲ್ಲಿ. ಅದಕ್ಕೇ ಈ ಉದ್ದ ಕಾಗದ.

1981ರಲ್ಲಿ ಹಾರ್ವರ್ಡಿನ ಬ್ರಯಾನ್ ಮ್ಯಾಕ್‌ಮಹೋನ್ ಮತ್ತು ಜೊತೆಯವರು ಈ ಸುತ್ತಿನ 11 ಆಸ್ಪತ್ರೆಗಳಲ್ಲಿ ಈ ಕ್ಯಾನ್ಸರ್ ಇದ್ದ 369 ಜನರನ್ನು ವಿಚಾರಿಸಿದರು. ಹೋಲಿಸಿ ನೋಡಲು ಬೇರೆ ಕಾಯಿಲೆಯ 644 ರೋಗಿಗಳು. ದಿನಕ್ಕೆ ಮೂರು ಕಪ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವವರಿಗೆ ಅಪಾಯ ಸುಮಾರು 2.7 ಪಟ್ಟು ಅಂತ ಲೆಕ್ಕ ಬಂತು. ಪೇಪರುಗಳಲ್ಲೆಲ್ಲ ಅದೇ ಸುದ್ದಿ. ಹುಳುಕು ಎಲ್ಲಿತ್ತು ಗೊತ್ತಾ? ಹೋಲಿಕೆಗೆ ತೆಗೆದುಕೊಂಡವರಲ್ಲಿ ತುಂಬಾ ಜನ ಹೊಟ್ಟೆ, ಕರುಳಿನ ತೊಂದರೆಗೆ ಬಂದವರು. ಹೊಟ್ಟೆ ಹುಣ್ಣು ಇದ್ದವರು ಮೊದಲೇ ಕಾಫಿ ಕಡಿಮೆ ಮಾಡಿರುತ್ತಾರೆ, ಅಲ್ವಾ? ಅವರ ಪಕ್ಕ ನಿಲ್ಲಿಸಿದರೆ ಯಾರಾದರೂ ಕಾಫಿ ಹುಚ್ಚರಂತೆಯೇ ಕಾಣುತ್ತಾರೆ. 1986ರಲ್ಲಿ ಅದೇ ತಂಡ ಮತ್ತೆ ನೋಡಿದಾಗ ಆ ನಂಟು ಮೊದಲಿನಷ್ಟು ಗಟ್ಟಿಯಾಗಿ ಕಾಣಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೂ ಕಾಫಿಯಿಂದ ಕ್ಯಾನ್ಸರ್ ಬರುತ್ತದೆ ಅನ್ನಲು ಸಾಕಷ್ಟು ಆಧಾರವಿಲ್ಲ ಅಂದಿತು. ಆದರೆ 65 ಡಿಗ್ರಿ ಮೀರಿದ ಬಿಸಿ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂದರು. ಒಲೆಯಿಂದ ಇಳಿಸಿದ ತಕ್ಷಣ ಲೋಟ ಬಾಯಿಗಿಡುವ ನಿನಗೇ ಹೇಳಿದ ಹಾಗಿದೆ!

ಮಾವನ ವಿಷಯದಲ್ಲಿ ಕಾಫಿಯನ್ನು ಬೈದು ಸಿಗರೇಟನ್ನು ಸುಮ್ನೆ ಬಿಟ್ಟಿರಲ್ಲ, ಅದೇ ನನಗೆ ಬೇಜಾರು. ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ವರ್ಷಗಟ್ಟಲೆ ವಿಪರೀತ ಹೆಂಡ ಕುಡಿದರೆ ಪ್ಯಾಂಕ್ರಿಯಾಸ್ ಊದಿಕೊಂಡೇ ಇರಬಹುದು, ಅದೂ ದಾರಿ ಮಾಡಿಕೊಡುತ್ತದೆ. ಇಲ್ಲಿನವರು ಬೆಳಗ್ಗೆಯೇ ತಿನ್ನುವ ಬೇಕನ್, ಸಾಸೇಜಿನಂಥ ಸಂಸ್ಕರಿಸಿದ ಮಾಂಸದ ಮೇಲೂ ಅನುಮಾನವಿದೆ. ನಮ್ಮ ಮನೆಗೆ ಆ ಚಿಂತೆಯಿಲ್ಲ.

ನಮ್ಮ ಮನೆಗೆ ಅಪಾಯ ಬರುವುದು ಬಳಸು ದಾರಿಯಲ್ಲಿ. ಎರಡು ಸಲ ಬಡಿಸಿದ ಅನ್ನ, ನಾಲ್ಕು ಗಂಟೆಯ ಕೋಡುಬಳೆ, ಉಂಡ ಕೂಡಲೇ ಟಿವಿ ಮುಂದೆ ಅಪ್ಪನ ಗೊರಕೆ. ಇದರಿಂದ ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಬೊಜ್ಜೂ ಸಕ್ಕರೆಯೂ ಈ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತವೆ ಅನ್ನುವುದಕ್ಕೆ ಗಟ್ಟಿ ಆಧಾರವಿದೆ. ಹಾಗಂತ ಯಾರೋ ಮಾರುವ ಹಾಗಲಕಾಯಿ ಪುಡಿಗೆ ದುಡ್ಡು ಸುರಿಯಬೇಡ. ಇದನ್ನು ತಡೆಯುವ ಒಂದು ತರಕಾರಿ ಅಂತ ಇಲ್ಲ. ಒಂದು ಸೌಟು ಅನ್ನ ಕಡಿಮೆ ಮಾಡಿ ಪಲ್ಯ ಜಾಸ್ತಿ ಹಾಕು. ಸಂಜೆ ಇಬ್ಬರೂ ಕೆರೆ ಏರಿ ಮೇಲೆ ನಡೆಯಿರಿ.

ಇನ್ನೊಂದು. ಮಾವನಿಗೆ ಇದ್ದಕ್ಕಿದ್ದಂತೆ ಸಕ್ಕರೆ ಏರಿ ಪ್ಯಾಂಟು ಸಡಿಲವಾದಾಗ, "ಸಣ್ಣಗಾದೆ, ಒಳ್ಳೇದಾಯ್ತು" ಅಂತ ಎಲ್ಲರೂ ಹೊಗಳಿದರು. ವಯಸ್ಸಾದವರಿಗೆ ಊಟ ಬದಲಾಗದೆ ಹಾಗಾದರೆ ಡಾಕ್ಟರಿಗೆ ತೋರಿಸಲೇಬೇಕು. ಎಷ್ಟೋ ಸಲ ಅದಕ್ಕೆ ಬೇರೆ ಕಾರಣ ಇರುತ್ತದೆ, ಹೆದರಬೇಡ. ಅಪ್ಪನ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್ (HbA1c) ಈ ವಾರವೇ ಮಾಡಿಸು. ತೂಕವನ್ನೂ ಬರೆದು, ಚೀಟಿಯ ಫೋಟೋ ಕಳಿಸು. ಅವರು "ನನಗೇನಾಗಿದೆ" ಅಂದರೆ ಫೋನ್ ನನಗೆ ಕೊಡು.

ನಿನ್ನ ಮಗಳು