ಸೊನ್ನೆಯನ್ನೂ ಬರೆಯಬೇಕು

ಪ್ರೀತಿಯ ಗೆಳೆಯ,

ಹೋದ ಸಲ ಫೋನಿನಲ್ಲಿ ನೀನು ಕೇಳಿದ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. "ಹಾರಿಹೋಗೋ ಹಕ್ಕಿಗಳನ್ನ ಎಣಿಸಿ ಏನು ಬಂತು? ನೀನು ಎಣಿಸಿದ್ರೂ ಹೋಗ್ತವೆ, ಎಣಿಸದಿದ್ರೂ ಹೋಗ್ತವೆ" ಅಂದಿದ್ದೆ. ಆಗ ನನಗೆ ಏನೂ ಹೊಳೆಯಲಿಲ್ಲ. ಏಪ್ರಿಲ್‌ನ ಬಿಡುವಿನ ದಿನಗಳನ್ನೆಲ್ಲ ಅಮೆರಿಕ-ಕೆನಡಾ ಗಡಿಯ ಒಂಟಾರಿಯೋ ಸರೋವರದ ದಕ್ಷಿಣ ದಂಡೆಯಲ್ಲಿ ಆಕಾಶ ನೋಡುತ್ತಾ ಕಳೆದೆ. ಈಗ ಹೇಳಬಲ್ಲೆ ಅನ್ನಿಸುತ್ತೆ, ಅದಕ್ಕೇ ಈ ಕಾಗದ.

ಆ ದಂಡೆಯೇ ಯಾಕೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದ ಗಿಡುಗ, ಹದ್ದುಗಳು ವಸಂತ ಬರುತ್ತಿದ್ದಂತೆ ಮರಿ ಮಾಡಲು ಉತ್ತರಕ್ಕೆ ಹೊರಡುತ್ತವೆ. ಬಿಸಿಲಿಗೆ ನೆಲ ಕಾದು ಮೇಲೇಳುವ ಬಿಸಿಗಾಳಿಯೇ ಅವುಗಳ ಏಣಿ. ರೆಕ್ಕೆ ಬಿಚ್ಚಿ ಅದರೊಳಗೆ ಸುತ್ತುತ್ತಾ ಮೇಲೇರಿ, ಅಲ್ಲಿಂದ ಮುಂದಿನ ಬಿಸಿಗಾಳಿಯವರೆಗೆ ಜಾರಿಕೊಂಡು ಹೋಗುತ್ತವೆ. ಆದರೆ ಏಪ್ರಿಲ್‌ನಲ್ಲಿ ಸರೋವರದ ನೀರು ಇನ್ನೂ ಕೊರೆಯುತ್ತಿರುತ್ತೆ, ಅದರ ಮೇಲೆ ಬಿಸಿಗಾಳಿ ಏಳುವುದಿಲ್ಲ. ಹಾಗಾಗಿ ನೀರಿನಂಚಿಗೆ ಬಂದ ಹಕ್ಕಿ ತಿರುಗಿ, ದಂಡೆ ಹಿಡಿದು ಪೂರ್ವಕ್ಕೆ ಸಾಗುತ್ತೆ. ನೂರಾರು ಮೈಲಿ ಅಗಲಕ್ಕೆ ಹರಡಿಕೊಂಡು ಬಂದವೆಲ್ಲ ಕೊನೆಗೆ ಒಂದೇ ಕಾಲುದಾರಿಗೆ ಬಿದ್ದಹಾಗೆ. ಬ್ರಾಡಕ್ ಬೇ, ಡರ್ಬಿ ಹಿಲ್ ಎಂಬ ಹೆಸರಾಂತ ಎಣಿಕೆಯ ಜಾಗಗಳು ಇದೇ ದಂಡೆಯಲ್ಲಿರುವುದು ಅದಕ್ಕೇ. ಜಿಬ್ರಾಲ್ಟರ್, ಮೆಸ್ಸಿನಾ, ಬಾಸ್ಫರಸ್ ಜಲಸಂಧಿಗಳ ಮೇಲೂ ಅಲ್ಲಿನ ಗಿಡುಗ, ಹದ್ದುಗಳು ಕಿಕ್ಕಿರಿಯುವುದು ಇದೇ ಕಾರಣಕ್ಕೆ.

ಗುರುತು ಹಿಡಿಯೋದು ನಾನಂದುಕೊಂಡ ಹಾಗಿರಲಿಲ್ಲ. ಬಣ್ಣ, ಗೆರೆ, ಕಣ್ಣು ಯಾವುದೂ ಆ ಎತ್ತರದಲ್ಲಿ ಅಷ್ಟಾಗಿ ಕೆಲಸಕ್ಕೆ ಬರೋದಿಲ್ಲ. ನೋಡಬೇಕಾದದ್ದು ಹಾರುವ ರೀತಿ. ಟರ್ಕಿ ವಲ್ಚರ್ ಎಂಬ ರಣಹದ್ದು ರೆಕ್ಕೆಗಳನ್ನು ಮೇಲಕ್ಕೆತ್ತಿ, ಅತ್ತಿತ್ತ ತೂಗಾಡುತ್ತಾ ಬರುತ್ತೆ. ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದಿನ ರೆಕ್ಕೆ ಹಲಗೆ ಇಟ್ಟಹಾಗೆ ಚಪ್ಪಟೆ. ಮೀನು ಹಿಡಿಯುವ ಆಸ್ಪ್ರೆಯ ರೆಕ್ಕೆ ಮಣಿಕಟ್ಟಿನ ಹತ್ತಿರ ಬಾಗಿರುತ್ತೆ. ಇನ್ನೊಂದು ವಿಷಯ, ತಿಳಿನೀಲಿ ಆಕಾಶ ನೋಡೋಕೆ ಚೆಂದ, ಎಣಿಸೋಕೆ ಕಷ್ಟ. ಹಕ್ಕಿ ಅದರಲ್ಲಿ ಕರಗಿಹೋಗುತ್ತೆ. ಬಿಳಿ ಮೋಡವಿದ್ದರೆ ಅದೇ ನಮಗೆ ಪರದೆ.

ಏಪ್ರಿಲ್ ಕೊನೆಯ ವಾರ ದಕ್ಷಿಣದ ಗಾಳಿ ಬೀಸಿದ ದಿನ ಅಗಲರೆಕ್ಕೆಯ ಗಿಡುಗಗಳು ಬಂದವು, ಬ್ರಾಡ್‌ವಿಂಗ್ಡ್ ಹಾಕ್. ಸಾಮಾನ್ಯವಾಗಿ ಅರ್ಧ ಕೇಜಿಯೂ ತೂಗದ ಹಕ್ಕಿ, ಇವುಗಳಲ್ಲಿ ಎಷ್ಟೋ ದಕ್ಷಿಣ ಅಮೆರಿಕದಿಂದ ಬರುತ್ತವೆ. ಬೇರೆ ಗಿಡುಗಗಳು ಹೆಚ್ಚಾಗಿ ಒಂಟಿ ಪಯಣಿಗರು, ಇವು ಗುಂಪು ಕಟ್ಟುತ್ತವೆ. ಮೋಡದ ಬುಡದಲ್ಲಿ ಮೆಣಸಿನ ಕಾಳು ಎರಚಿದಹಾಗೆ ಕಂಡವು. ದುರ್ಬೀನು ಎತ್ತಿದರೆ ಒಂದರ ಮೇಲೊಂದು ಸುತ್ತುತ್ತಿವೆ, ನಿಧಾನಕ್ಕೆ ತಿರುಗುವ ದೊಡ್ಡ ಸುಳಿಯ ಹಾಗೆ. ನಾನು ಆತುರದಲ್ಲಿ ಎಣಿಸತೊಡಗಿದೆ. ಪಕ್ಕದಲ್ಲಿದ್ದ ಹಿರಿಯ ಮಹಿಳೆ, ಎಷ್ಟೋ ವಸಂತಗಳಿಂದ ಅಲ್ಲಿ ಎಣಿಸುತ್ತಿರುವವರು, ನನ್ನ ಕೈಮೇಲೆ ಕೈಯಿಟ್ಟು ತಡೆದರು. ಸುತ್ತುತ್ತಿರುವಾಗ ಎಣಿಸಬಾರದಂತೆ, ಒಂದನ್ನೇ ಎರಡು ಸಲ ಎಣಿಸಿಬಿಡ್ತೀವಿ. ಕಾಯಬೇಕು. ಸುಳಿಯ ತುದಿ ಮುಟ್ಟಿದ ಹಕ್ಕಿ ರೆಕ್ಕೆ ಸ್ವಲ್ಪ ಹಿಂದಕ್ಕೆ ಮಡಚಿ, ಬಾಣದ ಹಾಗೆ ಹೊರಬೀಳುತ್ತೆ. ಅದರ ಹಿಂದೆ ಇನ್ನೊಂದು, ಆಮೇಲೆ ಮತ್ತೊಂದು, ದಾರದಲ್ಲಿ ಪೋಣಿಸಿದಹಾಗೆ. ಆಗ ಒಂದೊಂದಕ್ಕೂ ಕೈಯಲ್ಲಿರೋ ಎಣಿಕೆಯ ಕ್ಲಿಕ್ಕರ್ ಒತ್ತಬೇಕು. ಒತ್ತಿದೆ. ಟಕ್, ಟಕ್, ಟಕ್. ಕೊನೆಯದು ಹೋದಮೇಲೆ ನೋಡಿದರೆ ಎಂಬತ್ತೇಳು. ಅವರದ್ದೂ ಎಂಬತ್ತೇಳು! ಆ ಖುಷಿ ನಿನಗೆ ಹೇಗೆ ಹೇಳಲಿ ಮಾರಾಯ.

ಆದರೆ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ದಿನ ಅಲ್ಲ. ಅದಕ್ಕೂ ವಾರದ ಮುಂಚೆ, ಸರೋವರದ ಕಡೆಯಿಂದ ಬೀಸುವ ಗಾಳಿಗೆ ಬೆರಳು ಮರಗಟ್ಟಿದ್ದ ದಿನ. ಅಂಥ ಗಾಳಿಗೆ ಹಕ್ಕಿಗಳ ದಾರಿ ದಂಡೆಯಿಂದ ಒಳನಾಡಿಗೆ ಸರಿದುಬಿಡುತ್ತೆ. ಎರಡು ತಾಸು ನಿಂತರೂ ಒಂದೂ ಕಾಣಲಿಲ್ಲ. ತಾಸಿಗೊಮ್ಮೆ ತುಂಬುವ ಹಾಳೆಯಲ್ಲಿ ಉಷ್ಣಾಂಶ, ಗಾಳಿಯ ದಿಕ್ಕು, ಮೋಡ ಎಷ್ಟು, ನೋಡುತ್ತಿದ್ದವರು ಎಷ್ಟು ಜನ ಅನ್ನೋದನ್ನೆಲ್ಲ ಬರೆದು, ಹಕ್ಕಿಯ ಸಾಲುಗಳನ್ನು ಹಾಗೇ ಬಿಟ್ಟಿದ್ದೆ. ಆ ಹಿರಿಯ ಮಹಿಳೆ ಹಾಳೆ ತೆಗೆದುಕೊಂಡು ಸೊನ್ನೆ ತುಂಬಿದರು. "ಖಾಲಿ ಬಿಟ್ಟರೆ ಯಾರೂ ನೋಡಲಿಲ್ಲ ಅಂತಾಗುತ್ತೆ. ನಾವು ನೋಡಿದ್ದೀವಿ, ಇರಲಿಲ್ಲ" ಅಂದರು.

ಇದು ಎಷ್ಟು ದೊಡ್ಡ ಮಾತು ಅಂತ ಹಾಕ್ ಮೌಂಟನ್‌ನ ಕಥೆ ಓದಿದಾಗ ತಿಳಿಯಿತು. ಪೆನ್ಸಿಲ್ವೇನಿಯಾದ ಆ ಬೆಟ್ಟದಲ್ಲಿ ಶರತ್ಕಾಲದ ವಲಸೆ ಹೊತ್ತಿಗೆ ಜನ ಬಂದೂಕು ಹಿಡಿದು ಸಾಲಾಗಿ ಕೂತು ಗಿಡುಗಗಳನ್ನು ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬಾಕೆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಅಲ್ಲೇ ಕೂತು ಎಣಿಸತೊಡಗಿದರು. ಬಾಲ್ಡ್ ಈಗಲ್ ಕಂಡರೆ ದೊಡ್ಡದೋ ಮರಿಯೋ ಅಂತಲೂ ಬರೆದರು. ಮರಿಗೆ ಬಿಳಿತಲೆ ಇರೋದಿಲ್ಲ, ಮೈಯೆಲ್ಲ ಕಡುಗಂದು, ಗುರುತು ಸುಲಭ. 1935ರಿಂದ 39ರವರೆಗೆ ಕಂಡ ಹದ್ದುಗಳಲ್ಲಿ ಶೇ. 40ರಷ್ಟು ಮರಿಗಳು. 1955ರಿಂದ 59ರ ಹೊತ್ತಿಗೆ ಅದು ಶೇ. 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಮರಿ. ಹದ್ದುಗಳು ಹಾರುತ್ತಲೇ ಇದ್ದವು, ಅವುಗಳ ಮನೆಯಲ್ಲಿ ಮಕ್ಕಳಿರಲಿಲ್ಲ. ಲೇಖಕಿ ರೇಚಲ್ ಕಾರ್ಸನ್ 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕ ತಂದಾಗ ಈ ಲೆಕ್ಕವನ್ನೇ ಮುಂದಿಟ್ಟರು. ಡಿಡಿಟಿ ಎಂಬ ಕೀಟನಾಶಕದ ವಿಷ ಮೀನಿನ ಮೂಲಕ ಹದ್ದಿನ ಮೈಸೇರಿ ಮೊಟ್ಟೆಯ ಚಿಪ್ಪು ತೆಳುವಾಗುತ್ತಿತ್ತು, ಕಾವಿಗೆ ಕೂತರೆ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 2007ರಲ್ಲಿ ಬಾಲ್ಡ್ ಈಗಲ್ ಅಲ್ಲಿನ ಅಪಾಯದಂಚಿನ ಪಟ್ಟಿಯಿಂದ ಹೊರಬಂತು.

ಬ್ರೌನ್ ಮೊದಲ ಹದ್ದಿನ ಮುಂದೆ "ಮರಿ" ಅಂತ ಬರೆದಾಗ ಡಿಡಿಟಿ ಹೊಲಕ್ಕೆ ಬಂದೇ ಇರಲಿಲ್ಲ ಗೊತ್ತಾ. ಯಾತಕ್ಕೆ ಬೇಕಾಗುತ್ತೆ ಅಂತ ಅವರಿಗೆ ತಿಳಿದಿರೋಕೆ ಸಾಧ್ಯವೇ ಇರಲಿಲ್ಲ. ಆ ಬೆಟ್ಟದ ದಾಖಲೆಯಲ್ಲಿ ಒಂದು ಕಿಂಡಿಯೂ ಇದೆ. ಎರಡನೇ ಮಹಾಯುದ್ಧದಿಂದಾಗಿ 1943ರಿಂದ 45ರವರೆಗೆ ಎಣಿಕೆ ನಿಂತಿತ್ತು. ಆ ಮೂರು ವರ್ಷ ಅಲ್ಲಿಂದ ಏನು ಹಾರಿಹೋಯಿತು ಅನ್ನೋದನ್ನ ಇನ್ನು ಯಾರೂ ಹೇಳಲಾರರು. ಅದನ್ನು ಓದಿದ ಮೇಲೆ ನನ್ನ ಹಾಳೆಯಲ್ಲಿ ಒಂದು ಚೌಕ ಖಾಲಿ ಕಂಡರೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಈಗ ಮೇ ಬಂದಿದೆ, ದೊಡ್ಡ ಗುಂಪುಗಳು ಸಾಗಿಹೋದವು, ಎಣಿಸುವವರೂ ಕಮ್ಮಿಯಾಗಿದ್ದಾರೆ. ಆದರೆ ತಿಂಗಳ ಕೊನೆಗೆ ಕಳೆದ ವರ್ಷ ಹುಟ್ಟಿದ ಅಗಲರೆಕ್ಕೆಯ ಗಿಡುಗಗಳು ಬರುತ್ತವೆ. ಹಿರಿಯ ಹಕ್ಕಿಗಳೆಲ್ಲ ಹೋಗಿ ಒಂದು ತಿಂಗಳಾದ ಮೇಲೆ ಬರುವ ಇವುಗಳ ರೆಕ್ಕೆಯ ಗರಿ ಅಲ್ಲಲ್ಲಿ ಉದುರಿ ಸವೆದಿರುತ್ತೆ. ಬಾಲದಲ್ಲಿ ದೊಡ್ಡವುಗಳ ಹಾಗೆ ದಪ್ಪ ಕಪ್ಪು-ಬಿಳಿ ಪಟ್ಟೆ ಇರೋದಿಲ್ಲ, ಸಣ್ಣ ಗೆರೆಗಳಷ್ಟೇ. ಅವಕ್ಕೂ ಹಾಳೆಯಲ್ಲಿ ಬೇರೆ ಸಾಲಿದೆ. ಎರಡು ದಿನ ಬಿಡುವು ಮಾಡಿಕೊಂಡು ಬಾ. ನಾನು ನೋಡಿ ಹೇಳ್ತೀನಿ, ನೀನು ಬರೆದುಕೋ. ಕೈಗವಸು ಮರೀಬೇಡ, ಸರೋವರದ ಗಾಳಿ ಮೇ ತಿಂಗಳಲ್ಲೂ ಬಿಡೋದಿಲ್ಲ.

ನಿನ್ನ
ಗೆಳೆಯ