ವೈರ್ ಇದ್ದರೆ ಕಳಪೆ, ಇಲ್ಲದಿದ್ದರೆ ಉತ್ತಮ ಎನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಗೇಮಿಂಗ್ ಕೀಬೋರ್ಡ್‌ಗಳ ಬಗ್ಗೆ ಬಂದ ಬರಹ ಓದಿದೆ. ಒಂದು ಕಡೆ ಕಡಿಮೆ ಬೆಲೆಯ ವೈರ್ ಇರುವ ಕೀಬೋರ್ಡ್, ಇನ್ನೊಂದು ಕಡೆ ದುಬಾರಿ ವೈರ್‌ಲೆಸ್ ಕೀಬೋರ್ಡ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೀರಿ. ದುಡ್ಡಿದ್ದರೆ ವೈರ್‌ಲೆಸ್ ತಗೊಳ್ಳಿ, ಇಲ್ಲದಿದ್ದರೆ ವೈರ್ ಇರುವುದರಲ್ಲೇ ಸುಧಾರಿಸಿಕೊಳ್ಳಿ ಎಂದು ಮುಗಿಸಿದ್ದೀರಿ. ಆ ಕೊನೆಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನೂ ಒಮ್ಮೆ ಹಾಗೇ ಅಂದುಕೊಂಡು, ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡು ಸುರಿದವಳು.

ನಾನು ಆಟ ಆಡುವವಳಲ್ಲ. ಹನ್ನೊಂದು ವರ್ಷದಿಂದ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ದಿನಕ್ಕೆ ಏಳೆಂಟು ಗಂಟೆ ನನ್ನ ಬೆರಳು ಕೀಬೋರ್ಡ್ ಮೇಲೇ ಇರುತ್ತವೆ. ಆಡುವವನು ನನ್ನ ಮಗ, ಈಗ ಅವನಿಗೆ ಹದಿನೇಳು. ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಹಗಲು ನನ್ನದು, ಸಂಜೆ ಮೇಲೆ ಅವನದು. ಹಾಗಾಗಿ ಮನೆಗೆ ಬಂದ ಪ್ರತಿ ಕೀಬೋರ್ಡೂ ಎರಡು ಥರದ ದುಡಿತ ಕಂಡಿದೆ.

ಮೊದಲು ಬಂದದ್ದು ಅಗ್ಗದ ವೈರ್ ಇರುವ ಗೇಮಿಂಗ್ ಕೀಬೋರ್ಡ್. ಕೀಗಳ ಕೆಳಗೆ ಬಣ್ಣಬಣ್ಣದ ಬೆಳಕು. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ‘ಆಂಟಿ ಘೋಸ್ಟಿಂಗ್’ ಎಂದು ಬರೆದಿತ್ತು. ನಾನು ಅದರ ಅರ್ಥ ಕೇಳಲೂ ಇಲ್ಲ.

ಮಗ ಎಡಗೈಯವನು. ಮೌಸ್ ಎಡಗೈಯಲ್ಲಿ ಹಿಡಿಯುತ್ತಾನೆ. ಹಾಗಾಗಿ ಬೇರೆ ಹುಡುಗರು ಡಬ್ಲ್ಯೂ, ಎ, ಎಸ್, ಡಿ ಕೀಗಳಲ್ಲಿ ಓಡಾಡಿದರೆ ಇವನು ಬಲಗೈಯಿಂದ ಐ, ಜೆ, ಕೆ, ಎಲ್ ಒತ್ತುತ್ತಾನೆ. ‘ಅಮ್ಮಾ, ನಾನು ಒತ್ತಿದೆ, ಅದು ಹಾರಲೇ ಇಲ್ಲ’ ಎಂದು ದಿನಾ ಹೇಳುತ್ತಿದ್ದ. ಸೋತವರು ಹೇಳುವ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಅವನು ಪಕ್ಕಕ್ಕೆ ಕೂರಿಸಿಕೊಂಡು ಖಾಲಿ ಪುಟ ತೆರೆದು ತೋರಿಸಿದ. ಐ ಮತ್ತು ಎಲ್ ಒತ್ತಿ ಹಿಡಿದ. ಎರಡೂ ಅಕ್ಷರ ಬಂದವು. ಎರಡನ್ನೂ ಬಿಡದೆ ಮೂರನೆಯದನ್ನು ಒತ್ತಿದ. ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಬರಲಿಲ್ಲ. ಎಡಭಾಗದಲ್ಲಿ ಐದು ಕೀ ಹಾಗೇ ಒಟ್ಟಿಗೆ ಒತ್ತಿದಾಗ ಐದೂ ಬಂದವು.

ಕಾರಣ ಆಮೇಲೆ ತಿಳಿಯಿತು. ಒಂದೊಂದು ಕೀಗೂ ಒಂದೊಂದು ತಂತಿ ಎಳೆದಿರುವುದಿಲ್ಲ. ಅಡ್ಡಗೆರೆ, ಉದ್ದಗೆರೆಗಳ ಒಂದು ಬಲೆ ಇರುತ್ತದೆ. ಗೆರೆಗಳು ಸೇರುವ ಕಡೆ ಒಂದೊಂದು ಕೀ. ಆ ಬಲೆಯಲ್ಲಿ ಒಂದು ಚೌಕದ ಮೂರು ಮೂಲೆ ಒಟ್ಟಿಗೆ ಒತ್ತಿದರೆ ಕರೆಂಟು ಸುತ್ತು ಹಾಕಿ ಬಂದು, ನಾಲ್ಕನೆಯ ಮೂಲೆಯನ್ನೂ ಒತ್ತಿದಂತೆ ತೋರಿಸುತ್ತದೆ. ಘೋಸ್ಟಿಂಗ್ ಅಂದರೆ ಇದೇ, ಒತ್ತದ ಕೀ ಒತ್ತಿದ ಹಾಗೆ ಕಾಣುವುದು. ಅದನ್ನು ತಡೆಯಲು ಅಗ್ಗದ ಕೀಬೋರ್ಡ್ ಅನುಮಾನ ಬಂದ ಕೀಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೇಮಿಂಗ್ ಎಂದು ಮಾರುವ ಅಗ್ಗದವುಗಳಲ್ಲಿ ಆಟಕ್ಕೆ ಜಾಸ್ತಿ ಬಳಸುವ ಎಡಭಾಗದ ಕೀಗಳಿಗೆ ಮಾತ್ರ ಗೆರೆಗಳನ್ನು ಜೋಪಾನವಾಗಿ ಹಂಚಿರುತ್ತಾರೆ. ಪೆಟ್ಟಿಗೆ ಮೇಲಿನ ಮಾತು ಸುಳ್ಳಲ್ಲ. ಎಡಗೈ ಹುಡುಗನಿಗೆ ಅದು ಅನ್ವಯಿಸುವುದಿಲ್ಲ, ಅಷ್ಟೇ. ಒಂದೊಂದು ಕೀಗೂ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ, ಹಾಕಿದರೆ ಈ ತೊಂದರೆ ಪೂರ್ತಿ ಹೋಗುತ್ತದೆ. ಡಯೋಡ್ ಹಾಕುವುದಕ್ಕೂ ವೈರ್ ತೆಗೆಯುವುದಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಬರಹದಲ್ಲಿ ನಾನು ಹುಡುಕಿದ್ದು ಇಂಥ ಒಂದು ಸಾಲನ್ನು.

ಆ ಕೀಬೋರ್ಡ್ ಮೂರೂವರೆ ವರ್ಷ ದುಡಿಯಿತು. ಆಮೇಲೆ ಸ್ಪೇಸ್ ಕೀ ಕೈಕೊಟ್ಟಿತು. ಬಿಸಾಡುವ ಮೊದಲು ನಾನೂ ಮಗನೂ ಸೇರಿ ಅದನ್ನು ಬಿಚ್ಚಿದೆವು. ಒಳಗೆ ಒಂದರ ಮೇಲೊಂದು ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಬೆಳ್ಳಿ ಬಣ್ಣದ ಗೆರೆಗಳು. ನಡುವಿನ ಹಾಳೆಯಲ್ಲಿ ಬರೀ ತೂತುಗಳು. ಇವುಗಳ ಮೇಲೆ ಪುಟ್ಟ ಪುಟ್ಟ ಗುಮ್ಮಟಗಳಿರುವ ರಬ್ಬರ್ ಹಾಸು. ಕೀ ಒತ್ತಿದಾಗ ಗುಮ್ಮಟ ಕುಸಿದು ಮೇಲಿನ ಹಾಳೆಯನ್ನು ತೂತಿನ ಮೂಲಕ ಕೆಳಗಿನದಕ್ಕೆ ತಾಗಿಸುತ್ತದೆ. ಅಂದರೆ ಕೀ ತಳ ಮುಟ್ಟುವವರೆಗೂ ಅಕ್ಷರ ಬರುವುದಿಲ್ಲ. ನಮ್ಮ ಸ್ಪೇಸ್ ಕೀ ಕೆಳಗಿನ ಗುಮ್ಮಟದ ಬುಡ ಅರ್ಧಚಂದ್ರದಂತೆ ಹರಿದಿತ್ತು.

ನಾನು ಒಂದು ಲೆಕ್ಕ ಹಾಕಿದೆ. ಕೆಲಸದ ದಿನ ನಾನು ಸುಮಾರು 30 ಸಾವಿರ ಸಲ ಕೀ ಒತ್ತುತ್ತೇನೆ. ಅದರಲ್ಲಿ ಸ್ಪೇಸ್ ಒಂದೇ 5 ಸಾವಿರ. ವರ್ಷಕ್ಕೆ 300 ದಿನ ಎಂದರೂ 15 ಲಕ್ಷ. ಸಾಧಾರಣ ರಬ್ಬರ್ ಕೀಬೋರ್ಡ್‌ಗಳ ಬಾಳಿಕೆ 50 ಲಕ್ಷ ಸಲದಿಂದ 1 ಕೋಟಿ ಸಲ ಎಂದು ಹೇಳುತ್ತಾರೆ. ನನ್ನ ಮೂರೂವರೆ ವರ್ಷಕ್ಕೆ 50 ಲಕ್ಷ ದಾಟಿತ್ತು. ಆ ಕೀಬೋರ್ಡ್ ನನಗೆ ಮೋಸ ಮಾಡಲಿಲ್ಲ, ಕೊಟ್ಟ ದುಡ್ಡಿಗೆ ತಕ್ಕಷ್ಟು ದುಡಿದೇ ಹೋಯಿತು.

ಎರಡನೆಯದು ದುಬಾರಿ ವೈರ್‌ಲೆಸ್. ಅದರ ಬೆಲೆಗೆ ಮೊದಲಿನಂಥವು ಎಂಟು ಬರುತ್ತಿದ್ದವು. ಕೈಯಿಟ್ಟ ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ಒಂದೊಂದು ಕೀ ಕೆಳಗೂ ಬೇರೆಬೇರೆ ಮೆಕ್ಯಾನಿಕಲ್ ಸ್ವಿಚ್, ಒಳಗೆ ಸ್ಪ್ರಿಂಗ್. ಈ ಥರದ ಸ್ವಿಚ್‌ಗಳಲ್ಲಿ ಹೆಸರಾದ ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ತೆಗೆದುಕೊಳ್ಳಿ. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಬಂದಿರುತ್ತದೆ. ತಳಕ್ಕೆ ಗುದ್ದಬೇಕಿಲ್ಲ. ಬಾಳಿಕೆ 10 ಕೋಟಿ ಸಲ ಎಂದು ಕಂಪನಿ ಹೇಳುತ್ತದೆ. ಸಂಜೆ ಹೊತ್ತಿಗೆ ನನ್ನ ಬೆರಳ ಗೆಣ್ಣುಗಳಲ್ಲಿ ಬರುತ್ತಿದ್ದ ಜೋಮು ಎರಡು ವಾರದಲ್ಲಿ ಕಡಿಮೆಯಾಯಿತು. ಮಗನಿಗೂ ಯಾವ ಮೂಲೆಯ ಕೀ ಒತ್ತಿದರೂ ಬರತೊಡಗಿತು. ಇದೆಲ್ಲ ಬಂದದ್ದು ವೈರ್ ಹೋದದ್ದರಿಂದ ಎಂದೇ ನಾನು ತುಂಬಾ ದಿನ ನಂಬಿದ್ದೆ.

ವೇಗದ ವಿಷಯ ನಿಮ್ಮ ಬರಹದಲ್ಲಿ ಅರ್ಧ ಪುಟ ಇದೆ. ಅಷ್ಟು ಬೇಕಿರಲಿಲ್ಲ. ಸೆಕೆಂಡಿಗೆ 125 ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಸಾದಾ ಕೀಬೋರ್ಡ್‌ನಲ್ಲಿ 8 ಮಿಲಿಸೆಕೆಂಡಿಗೊಮ್ಮೆ ಸರದಿ ಬರುತ್ತದೆ. 1000 ಸಲ ಮುಟ್ಟಿಸುವುದರಲ್ಲಿ 1 ಮಿಲಿಸೆಕೆಂಡಿಗೊಮ್ಮೆ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರ ಹೋಗಿ ಇನ್ನೊಂದು ಬರಲು ಸುಮಾರು 17 ಮಿಲಿಸೆಕೆಂಡ್ ಬೇಕು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು 200 ಮಿಲಿಸೆಕೆಂಡ್ ಆದರೂ ಹಿಡಿಯುತ್ತದೆ. ಒಳ್ಳೆಯ 2.4 ಗಿಗಾಹರ್ಟ್ಸ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ, ರೇಡಿಯೊ ಅಲೆ ಹಿಡಿಯುವ ಪುಟ್ಟ ತುಂಡು) ಇರುವ ವೈರ್‌ಲೆಸ್ ಈಗ ವೈರ್‌ನಷ್ಟೇ ಚುರುಕು, ಒಪ್ಪುತ್ತೇನೆ. ಆದರೆ ವೈರ್‌ಗಿಂತ ಚುರುಕಲ್ಲ. ಬ್ಲೂಟೂತ್‌ನಲ್ಲಿ ಆಡಿದರೆ ಇನ್ನೂ ನಿಧಾನ, ಈಗ ಬಳಕೆಯಲ್ಲಿರುವ ಕೀಬೋರ್ಡ್‌ಗಳಲ್ಲಿ ಕಂಪ್ಯೂಟರಿಗೆ ಮುಟ್ಟಿಸುವ ಎರಡು ಸುದ್ದಿಗಳ ನಡುವೆ 7.5 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬಿಡುವು ಇರುತ್ತದೆ. ಇನ್ನೊಂದು ಮಾತು. ದುಡ್ಡು ಕೊಟ್ಟು ಕೊಂಡ ಎಲ್ಲ ಸೌಲಭ್ಯವೂ ಆಟದಲ್ಲಿ ನಡೆಯುವುದಿಲ್ಲ. ಎದುರುಬದುರು ದಿಕ್ಕಿನ ಎರಡು ಕೀ ಒತ್ತಿದಾಗ ಕೀಬೋರ್ಡೇ ಒಂದನ್ನು ಆರಿಸಿ ಕಳಿಸುವ ಸೌಲಭ್ಯವನ್ನು ಆಟ ತಯಾರಿಸುವ ವಾಲ್ವ್ ಕಂಪನಿ 2024ರ ಆಗಸ್ಟ್‌ನಲ್ಲಿ ಕೌಂಟರ್ ಸ್ಟ್ರೈಕ್ 2 ಆಟದ ತನ್ನ ಸರ್ವರ್‌ಗಳಲ್ಲಿ ನಿಲ್ಲಿಸಿತು.

ತೊಂದರೆ ಶುರುವಾದದ್ದು ಬೇರೆ ಕಡೆಯಿಂದ. ದೊಡ್ಡ ಫೈಲ್‌ಗಳನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡುವಾಗ ಅಕ್ಷರಗಳು ಬಿಟ್ಟುಹೋಗುತ್ತಿದ್ದವು. ‘ಬಂದರು’ ಎಂದು ಹೊಡೆದರೆ ‘ಬದರು’ ಬರುತ್ತಿತ್ತು. ನನ್ನ ಕೈಯೇ ತಾಳ ತಪ್ಪುತ್ತಿದೆ ಎಂದು ಹೆದರಿದೆ. ಹೊಟ್ಟೆಪಾಡು ಅದರ ಮೇಲೇ ಅಲ್ವಾ. ಆಮೇಲೆ ನೋಡಿದರೆ ಡಾಂಗಲ್ಲನ್ನು ಕಂಪ್ಯೂಟರಿನ ಹಿಂದೆ, ಹಾರ್ಡ್‌ಡಿಸ್ಕಿನ ಯುಎಸ್‌ಬಿ 3 ವೈರಿಗೆ ಅಂಟಿದಂತೆ ಸಿಕ್ಕಿಸಿದ್ದೆವು. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ ಕಂಪನಿ 2012ರಲ್ಲೇ ಬರೆದು ಹೇಳಿದೆ. ಒಂದು ಮೊಳದ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತಂದಿಟ್ಟೆವು. ಅಂದೇ ನಿಂತುಹೋಯಿತು. ಈ ಒಂದು ಮಾತು ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಇದ್ದಿದ್ದರೆ ನನ್ನ ನಾಲ್ಕು ತಿಂಗಳ ದಿಗಿಲು ತಪ್ಪುತ್ತಿತ್ತು.

ಅದಕ್ಕಿಂತ ದೊಡ್ಡದು ಬ್ಯಾಟರಿ. ಮಗನಿಗೆ ಬೆಳಕು ಪೂರ್ತಿ ಉರಿಯಬೇಕು. ಅಕ್ಷರ ಕಳಿಸುವ ರೇಡಿಯೊ ಕುಡಿಯುವ ಕರೆಂಟು ಸ್ವಲ್ಪ, ನೂರಕ್ಕೂ ಜಾಸ್ತಿ ಪುಟ್ಟ ದೀಪಗಳು ಕುಡಿಯುವುದೇ ಬಹಳ. ಹೊಸದರಲ್ಲಿ ಮೂರು ದಿನಕ್ಕೊಮ್ಮೆ ಚಾರ್ಜಿಗೆ ಹಾಕುತ್ತಿದ್ದೆವು. ಎರಡೂವರೆ ವರ್ಷಕ್ಕೆ ಒಂದು ದಿನ ಬರುವುದೂ ಕಷ್ಟವಾಯಿತು. ಲಿಥಿಯಂ ಬ್ಯಾಟರಿ ಚಾರ್ಜ್ ಆದಷ್ಟೂ ಸವೆಯುತ್ತದೆ. ಸದಾ ತುಂಬಿಸಿ ಇಟ್ಟರೂ, ಬಿಸಿಯಾದರೂ ಸವೆಯುತ್ತದೆ. ಇದು ಯಾರ ತಪ್ಪೂ ಅಲ್ಲ, ಅದರ ಗುಣ. ಆದರೆ ಬ್ಯಾಟರಿ ಬದಲಾಯಿಸಿ ಕೊಡಿ ಎಂದು ತಯಾರಿಸಿದವರನ್ನು ಕೇಳಿದಾಗ ಬಂದ ಉತ್ತರ ನನಗೆ ಇವತ್ತಿಗೂ ನೋವು ಕೊಡುತ್ತದೆ. ಬ್ಯಾಟರಿ ಬಿಡಿಯಾಗಿ ಕೊಡುವುದಿಲ್ಲವಂತೆ, ಹೊಸ ಮಾದರಿ ಬಂದಿದೆಯಂತೆ, ಅದನ್ನು ನೋಡಬೇಕಂತೆ. ಸ್ವಿಚ್‌ಗೆ 10 ಕೋಟಿ ಸಲದ ಬಾಳಿಕೆ ಇದ್ದರೆ ನನ್ನ ಲೆಕ್ಕದಲ್ಲಿ ಸ್ಪೇಸ್ ಕೀ 66 ವರ್ಷ ಬರಬೇಕು. ಅಂಥ ಸ್ವಿಚ್‌ಗಳ ಹೊಟ್ಟೆಯಲ್ಲಿ ಮೂರು ವರ್ಷಕ್ಕೆ ಸೋಲುವ, ಬದಲಾಯಿಸಲು ಬಾರದ ಬ್ಯಾಟರಿ ಇಡುವುದು ಸರಿಯಲ್ಲ. ಈಗ ದಿನವಿಡೀ ಕೆಲಸ ಮಾಡಬೇಕೆಂದರೆ ಅದನ್ನು ಚಾರ್ಜರ್ ವೈರ್ ಸಿಕ್ಕಿಸಿಕೊಂಡೇ ಬಳಸಬೇಕು.

ಸುರಕ್ಷತೆಯ ಮಾತು ನಿಮ್ಮ ಬರಹದಲ್ಲಿ ಬಂದೇ ಇಲ್ಲ. 2016ರಲ್ಲಿ ಬ್ಯಾಸ್ಟಿಲ್ ಎಂಬ ಸಂಸ್ಥೆಯವರು ಅಗ್ಗದ ಹಲವು ವೈರ್‌ಲೆಸ್ ಕೀಬೋರ್ಡ್‌ಗಳು ಒತ್ತಿದ ಅಕ್ಷರಗಳನ್ನು ಗುಪ್ತಲಿಪಿಗೆ ಬದಲಾಯಿಸದೆ ಹಾಗೇ ಗಾಳಿಗೆ ಬಿಡುತ್ತಿದ್ದುದನ್ನು ತೋರಿಸಿಕೊಟ್ಟರು. ಬೇರೆಯವರ ಖಾಸಗಿ ಮಾತು ಟೈಪ್ ಮಾಡುವ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ. ದುಡ್ಡು ಕಮ್ಮಿ ಇದೆ, ಆದರೂ ವೈರ್‌ಲೆಸ್ಸೇ ಬೇಕು ಅನ್ನುವವರು ಇದನ್ನು ವಿಚಾರಿಸಿಯೇ ತಗೊಳ್ಳಲಿ.

ಎಂಟು ತಿಂಗಳ ಹಿಂದೆ ಮೂರನೆಯದು ಬಂತು. ವೈರ್ ಇದೆ, ಮೆಕ್ಯಾನಿಕಲ್ ಸ್ವಿಚ್ ಇದೆ, ಎಲ್ಲ ಕೀ ಒಟ್ಟಿಗೆ ಒತ್ತಿದರೂ ಬರುತ್ತದೆ. ಬೆಲೆ ವೈರ್‌ಲೆಸ್‌ನ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. ಚೆರ್ರಿಯ ಹಳೆಯ ಪೇಟೆಂಟ್ ಅವಧಿ ಮುಗಿದ ಮೇಲೆ ಗ್ಯಾಟೆರಾನ್, ಕೈಲ್, ಔಟೆಮು ಮುಂತಾದವರು ಅದೇ ಥರದ ಸ್ವಿಚ್ ಮಾಡತೊಡಗಿದರು. ಹಾಗಾಗಿ ಇಂಥವು ಈಗ ಸಾಧಾರಣ ಬೆಲೆಗೆ ಸಿಗುತ್ತವೆ. ಇದರಲ್ಲಿ ಸ್ವಿಚ್ ಕೆಟ್ಟರೆ ಚಿಮಟದಂಥ ಸಾಧನದಿಂದ ಕಿತ್ತು ಹೊಸದು ಒತ್ತಬಹುದು, ಬೆಸುಗೆ ಬೇಕಿಲ್ಲ. ಕಳೆದ ತಿಂಗಳು ಮಗ ‘ಕೆ’ ಕೀಯ ಸ್ವಿಚ್ಚನ್ನು ಎರಡು ನಿಮಿಷದಲ್ಲಿ ಬದಲಾಯಿಸಿದ. ನನ್ನ ಬೆರಳಿಗೆ ಸಿಕ್ಕ ಸುಖ ವೈರ್‌ಲೆಸ್‌ನದಲ್ಲ, ಸ್ವಿಚ್‌ನದು ಎಂದು ನನಗೆ ಖಾತ್ರಿಯಾದದ್ದು ಇದರಿಂದ. ಸದ್ದು ಮಾತ್ರ ರಬ್ಬರಿನದಕ್ಕಿಂತ ಜಾಸ್ತಿ. ರಾತ್ರಿ ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಕ್ಲಿಕ್ ಎನ್ನುವ ನೀಲಿ ಸ್ವಿಚ್ ಖಂಡಿತ ಬೇಡ.

ವೈರ್‌ಲೆಸ್ ಬೇಡವೇ ಬೇಡ ಎನ್ನುತ್ತಿಲ್ಲ. ಬೆನ್ನು ನೋವು ಬಂದ ದಿನ ನಾನು ಒರಗು ಕುರ್ಚಿಯಲ್ಲಿ ಕೂತು, ಕೀಬೋರ್ಡ್ ತೊಡೆ ಮೇಲಿಟ್ಟು ತಪ್ಪು ತಿದ್ದುತ್ತೇನೆ. ಆಗ ಆ ಹಳೆಯ ವೈರ್‌ಲೆಸ್ಸನ್ನೇ ತರುತ್ತೇನೆ, ಒಂದು ಹೊತ್ತಿಗೆ ಅದರ ಬ್ಯಾಟರಿ ಸಾಕು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆಡುವವರಿಗೆ, ಮೇಜಿನ ಮುಂದೆ ಕೂರಲು ಆಗದವರಿಗೆ ವೈರ್ ಇಲ್ಲದಿರುವುದೇ ದೊಡ್ಡ ಉಪಕಾರ. ಅವರು ಅದಕ್ಕೆ ದುಡ್ಡು ಕೊಡುವುದು ನ್ಯಾಯ. ಆದರೆ ಒಂದೇ ಮೇಜು, ಒಂದೇ ಕುರ್ಚಿ ಇರುವ ಮನೆಯವರಿಗೆ, ಮಕ್ಕಳ ಹಟಕ್ಕೆ ಸಾಲ ಮಾಡಿ ಕೊಳ್ಳುವವರಿಗೆ ಇವೆರಡರ ನಡುವೆ ಮೂರನೆಯದೊಂದು ಇದೆ ಎಂದು ನಿಮ್ಮಂಥ ಪತ್ರಿಕೆ ಹೇಳಬೇಕಿತ್ತು.

ಮುಂದಿನ ಸಲ ಕೀಬೋರ್ಡ್ ಬಗ್ಗೆ ಬರೆಸುವಾಗ ಬೆಳಕಿನ ಬಣ್ಣಗಳ ಚಿತ್ರ ಒಂದು ಕಡಿಮೆ ಮಾಡಿ. ಬರೆಯುವವರು ಬಲಭಾಗದ ಕೀಗಳನ್ನೂ ನಾಲ್ಕೈದು ಒಟ್ಟಿಗೆ ಒತ್ತಿ ನೋಡಲಿ. ಬ್ಯಾಟರಿ ಹೊರಗೆ ತೆಗೆಯಲು ಎಷ್ಟು ಸ್ಕ್ರೂ ಬಿಚ್ಚಬೇಕು, ಹೊಸ ಬ್ಯಾಟರಿಯನ್ನು ಕಂಪನಿ ಬಿಡಿಯಾಗಿ ಕೊಡುತ್ತದೆಯೇ ಎಂದು ಕೇಳಿ, ಬಂದ ಉತ್ತರವನ್ನು ಇದ್ದ ಹಾಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗಿ