ಎರಡು ಬೆಟ್ಟ, ನಡುವೆ ಸೂರ್ಯ: ನಮ್ಮ ಮಕ್ಕಳು ನಮ್ಮೂರನ್ನು ಯಾವಾಗ ಬರೆಯೋದು?

ಮಾನ್ಯ ಸಂಪಾದಕರೇ,

ಯುಗಾದಿಗೆ ಮುಂಚೆ ನಮ್ಮ ಕಡೆ ಮಕ್ಕಳಿಗೆ ಒಂದು ಚಿತ್ರಕಲಾ ಸ್ಪರ್ಧೆ ನಡೆಯಿತು. ತೀರ್ಪುಗಾರರಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಮಕ್ಕಳ ಕೆಲಸಕ್ಕೆ ಕರೆದರೆ ಇಲ್ಲ ಅನ್ನೋದಕ್ಕೆ ಮನಸ್ಸು ಬರುವುದಿಲ್ಲ. ವಿಷಯ ‘ನಮ್ಮೂರ ಪ್ರಕೃತಿ’. ಅರವತ್ತು ಚಿಲ್ಲರೆ ಮಕ್ಕಳು ಬಂದಿದ್ದರು. ಅವರನ್ನೆಲ್ಲ ಒಂದು ಮದುವೆ ಹಾಲ್‌ನಲ್ಲಿ ಕೂರಿಸಿ, ಗಾಳಿಗೆ ಶೀಟ್ ಹಾರುತ್ತೆ ಅಂತ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಹಾಕಿದ್ದರು. ಹೊರಗೆ ಗೇಟಿನ ಪಕ್ಕದಲ್ಲೇ ದೊಡ್ಡದೊಂದು ಹೊಂಗೆ ಮರ. ಮೈತುಂಬ ಹೊಸ ಚಿಗುರು. ಬೆಳಗಿನ ಬಿಸಿಲು ಅದರ ಎಲೆಯೊಳಗಿಂದ ತೂರಿ ಕೆಳಗಿನ ನೆಲವನ್ನೂ ಹಸಿರು ಮಾಡಿತ್ತು. ಒಂದು ಮಗುವೂ ಅದನ್ನು ನೋಡಲಿಲ್ಲ. ನೋಡು ಅಂತ ಯಾರೂ ಹೇಳಲಿಲ್ಲ.

ಎರಡು ಗಂಟೆ ಆದ ಮೇಲೆ ಶೀಟುಗಳನ್ನು ಸಾಲಾಗಿ ಹರಡಿದೆವು. ನಲವತ್ತಕ್ಕೂ ಜಾಸ್ತಿ ಚಿತ್ರಗಳಲ್ಲಿ ಅದೇ ಎರಡು ಮೂಲೆ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ಎಡಗಡೆ ಗುಡಿಸಲು, ಬಲಗಡೆ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ನೀವೂ ಬರೆದಿರುತ್ತೀರಿ ಸಾರ್, ನಾನೂ ಬರೆದಿದ್ದೇನೆ. ಆದರೆ ಒಂದು ಮಾತು. ದೊಡ್ಡಬಳ್ಳಾಪುರದ ಸುತ್ತಮುತ್ತ ಹರಿಯುವ ದೊಡ್ಡ ನದಿ ಎಲ್ಲಿದೆ? ನಮ್ಮ ಬೆಟ್ಟ ಯಾವುದು ಹಾಗೆ ಚೂಪಾಗಿದೆ? ಮಾಕಳಿದುರ್ಗ ನೋಡಿ, ನಂದಿಬೆಟ್ಟ ನೋಡಿ. ದುಂಡಗೆ, ಮೈಮೇಲೆ ಬಂಡೆ ಹೊತ್ತುಕೊಂಡು ಕೂತಿವೆ. ನಮ್ಮೂರ ಮಗು ನಮ್ಮೂರ ಪ್ರಕೃತಿ ಬರೆ ಅಂದರೆ ಎಲ್ಲೂ ಇಲ್ಲದ ಊರನ್ನು ಬರೆಯುತ್ತದಲ್ಲ, ಅದು ನನಗೆ ತುಂಬಾ ನೋವು ಕೊಟ್ಟಿತು.

ಆ ರಾಶಿಯಲ್ಲಿ ಒಂದು ಚಿತ್ರ ಬೇರೆ ಇತ್ತು. ಹಳ್ಳಿಯಿಂದ ಬಂದಿದ್ದ ಏಳನೇ ಕ್ಲಾಸಿನ ಹುಡುಗಿ ಬರೆದದ್ದು. ಒಂದು ಕೆರೆ ಏರಿ, ಏರಿ ಮೇಲೆ ಒಂದು ಹುಣಸೆಮರ, ಕೆಳಗೆ ಒಣಗಿದ ಕೆರೆ ಅಂಗಳ. ಅಷ್ಟೇ. ಸೂರ್ಯ ಇಲ್ಲ, ಹಕ್ಕಿ ಇಲ್ಲ. ಆದರೆ ಮರದ ನೆರಳನ್ನು ಅವಳು ಕಪ್ಪಲ್ಲಿ ತುಂಬಿರಲಿಲ್ಲ, ನೇರಳೆ ಬಣ್ಣ ಹಚ್ಚಿದ್ದಳು, ಆ ನೇರಳೆಯ ಅಂಚಿನಲ್ಲಿ ಮಣ್ಣಿನ ಕೆಂಪು ಸ್ವಲ್ಪ ಸ್ವಲ್ಪ ಸೇರಿಕೊಂಡಿತ್ತು. ಕರೆದು ಕೇಳಿದೆ, ‘ನೆರಳು ಯಾಕಮ್ಮ ನೇರಳೆ?’ ಅವಳು ಹೆದರಿಕೊಂಡು, ‘ಸಾಯಂಕಾಲ ಹಂಗೇ ಕಾಣುತ್ತೆ ಸಾರ್’ ಅಂದಳು.

ಹೌದು, ಹಾಗೇ ಕಾಣುತ್ತದೆ. ಇಳಿಬಿಸಿಲು ಹಳದಿ ಇದ್ದಾಗ ನೆರಳಿಗೆ ಆಕಾಶದ ನೀಲಿ ಬೀಳುತ್ತದೆ, ಅದಕ್ಕೆ ನಮ್ಮ ಕೆಮ್ಮಣ್ಣು ಸೇರಿದರೆ ನೇರಳೆಯೇ. ಇದನ್ನು ಆ ಹುಡುಗಿಗೆ ಯಾರೂ ಕಲಿಸಿಲ್ಲ, ಅವಳೇ ಕಣ್ಣಿಟ್ಟು ನೋಡಿದ್ದಾಳೆ. ಬಹುಮಾನ ಮಾತ್ರ ಬರಲಿಲ್ಲ. ‘ಬ್ಯಾಕ್‌ಗ್ರೌಂಡ್ ಖಾಲಿ ಇದೆ, ಫಿನಿಶಿಂಗ್ ಇಲ್ಲ’ ಅಂದರು ಉಳಿದಿಬ್ಬರು. ಮೊದಲ ಬಹುಮಾನ ಹಿಮದ ಬೆಟ್ಟಕ್ಕೆ ಹೋಯಿತು. ಕ್ಯಾಲೆಂಡರಿನಲ್ಲಿ ಇರುತ್ತದಲ್ಲ, ಅಂಥದ್ದು. ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೇ ಈ ಪತ್ರ.

ಮಕ್ಕಳ ತಪ್ಪು ಏನೂ ಇಲ್ಲ. ಮೊಬೈಲ್ ತೆಗೆದರೆ ಐದು ನಿಮಿಷದಲ್ಲಿ ಸೀನರಿ ಬರೆಯೋದು ಹೇಗೆ ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟು. ಅಂಗಡಿಯಲ್ಲಿ ಸಿಗುವ ಡ್ರಾಯಿಂಗ್ ಪುಸ್ತಕದಲ್ಲೂ ಅದೇ. ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಇದ್ದ ನಾವಾದರೂ ಏನು ಮಾಡಿದೆವು? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಬೋರ್ಡಿನ ಮೇಲೆ ಎರಡು ಬೆಟ್ಟ ಬರೆದು, ಕಾಪಿ ಮಾಡಿ ಅಂದಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ನಮ್ಮ ಊರಿನವರೇ, ರುಮಾಲೆ ಚನ್ನಬಸವಯ್ಯನವರು. 1910ರಲ್ಲಿ ಇದೇ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯುವ ವಯಸ್ಸಿನಲ್ಲೇ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ಜೈಲು ಕಂಡರು, ಸೇವಾದಳದಲ್ಲಿ ದುಡಿದರು. ‘ತಾಯಿನಾಡು’ ಪತ್ರಿಕೆಗೆ ಸಂಪಾದಕರೂ ಆಗಿದ್ದರು. ನೀವು ಕೂತಿರುವಂಥ ಕುರ್ಚಿಯಲ್ಲೇ ಕೂತಿದ್ದವರು ಸಾರ್. ಅದನ್ನೆಲ್ಲ ಬಿಟ್ಟು, ಐವತ್ತು ದಾಟಿದ ಮೇಲೆ, ಅರವತ್ತರ ದಶಕದಲ್ಲಿ ಮತ್ತೆ ಬ್ರಶ್ ಹಿಡಿದರು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನ ಹೂಮರಗಳನ್ನು, ಕಬ್ಬನ್ ಪಾರ್ಕನ್ನು, ಲಾಲ್‌ಬಾಗನ್ನು, ರಸ್ತೆಗಳನ್ನು ಆ ಜಾಗದಲ್ಲೇ ನಿಂತು ಬರೆದರು.

ಅವರ ಚಿತ್ರಗಳು ಬೆಂಗಳೂರಿನ ರಾಜಾಜಿನಗರದ ‘ವರ್ಣಮೈತ್ರಿ’ ಗ್ಯಾಲರಿಯಲ್ಲಿವೆ. ಮೊದಲ ಸಲ ಅಲ್ಲಿ ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ. ಕತ್ತಿಕಾಯಿ ಮರದ ಚಿತ್ರ. ಗುಲ್‌ಮೊಹರ್ ಅಂತೀರಲ್ಲ, ಅದೇ, ನಾವು ಚಿಕ್ಕವರಿದ್ದಾಗ ಅದರ ಕಾಯಿ ಹಿಡಿದು ಕತ್ತಿವರಸೆ ಆಡಿದ ಮರ. ಕ್ಯಾನ್ವಾಸ್ ಹತ್ತಿರ ಹೋದರೆ ಮರವೇ ಇಲ್ಲ. ಬರೀ ಬಣ್ಣದ ಗೀರು, ಚುಕ್ಕೆ, ಒಂದರ ಪಕ್ಕ ಒಂದು, ದಪ್ಪಗೆ. ಒಂದು ಕೆಂಪು ಅಂತ ಇಲ್ಲ. ಕಿತ್ತಳೆ ಇದೆ, ಗುಲಾಬಿ ಇದೆ, ಅದರ ಸಂದಿಯಲ್ಲಿ ನೀಲಿ. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದೆ. ಗಾಳಿ ಬೀಸಿದ ಹಾಗಾಯಿತು ನೋಡಿ. ಮರ ಅಲ್ಲಾಡುತ್ತಿದೆ, ಬೇಸಿಗೆಯ ಹತ್ತೂವರೆ ಗಂಟೆಯ ಬಿಸಿಲು, ಕಣ್ಣು ಕಿರಿದು ಮಾಡಿಕೊಳ್ಳಬೇಕು ಅನ್ನಿಸುವಂಥ ಬಿಸಿಲು. ಮಾರನೇ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಕತ್ತಿಕಾಯಿ ಮರ ನೋಡಿದೆ. ದಿನಾ ಅದರ ಕೆಳಗೇ ಬಸ್ಸಿಗೆ ಕಾದಿದ್ದವನು ನಾನು, ಅಷ್ಟು ವರ್ಷದಲ್ಲಿ ಆ ಸಂದಿಯ ನೀಲಿ ನನಗೆ ಕಂಡೇ ಇರಲಿಲ್ಲ.

ಆ ಮರಗಳ ಕಥೆಯೂ ಹೇಳಬೇಕು. ಕತ್ತಿಕಾಯಿ ಮಡಗಾಸ್ಕರದ್ದು. ಜಕರಂಡ, ಟಬೂಬಿಯಾ ದಕ್ಷಿಣ ಅಮೆರಿಕದ ಕಡೆಯವು. 1908ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಬಂದ ಜರ್ಮನಿಯ ಕೃಂಬಿಗಲ್ ಅವರು ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಬಿಡಬೇಕು, ಊರಲ್ಲಿ ವರ್ಷಪೂರ್ತಿ ಬಣ್ಣ ಇರಬೇಕು ಅಂತ ಯೋಚನೆ ಮಾಡಿ ನೆಡಿಸಿದರು. ಎಲ್ಲಿಂದಲೋ ಬಂದ ಮರಗಳು ಇಲ್ಲಿಯ ಬಿಸಿಲಿಗೆ, ಇಲ್ಲಿಯ ಮಣ್ಣಿಗೆ ಇಲ್ಲಿಯವೇ ಆದವು. ಇವತ್ತು ರಸ್ತೆ ಅಗಲ ಮಾಡೋದಕ್ಕೆ ಒಂದೊಂದೇ ಹೋಗುತ್ತಿವೆ. ರುಮಾಲೆಯವರ ಚಿತ್ರದಲ್ಲಿ ಮಾತ್ರ ನಿಂತಿರುವ ಸಾಲುಮರ ಇನ್ನೆಷ್ಟೋ.

ಅವರಿಗಿಂತ ಮುಂಚಿನವರು ಮೈಸೂರಿನ ಕೆ. ವೆಂಕಟಪ್ಪ. 1886ರಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅಬನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ನಂದಲಾಲ್ ಬೋಸ್ ಕೂಡ ಅಲ್ಲೇ ಕಲಿತವರು. 1920ರ ದಶಕದಲ್ಲಿ ಊಟಿ, ಕೊಡೈಕೆನಾಲ್‌ನಲ್ಲಿ ಕೂತು ವೆಂಕಟಪ್ಪನವರು ಬರೆದ ಜಲವರ್ಣ ಚಿತ್ರಗಳನ್ನು ನೋಡಬೇಕು ನೀವು. ಮಳೆ ಮೋಡ ಒಡೆಯುವ ಗಳಿಗೆ, ಬೆಳದಿಂಗಳು, ಗುಡ್ಡದ ಮೇಲಿನ ಮಂಜು. ರುಮಾಲೆಯವರದು ಕೂಗಿ ಕರೆಯುವ ಬಣ್ಣವಾದರೆ ಇವರದು ಪಿಸುಮಾತು. ಜಲವರ್ಣದಲ್ಲಿ ಬಿಳಿಗೆ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಬಿಡಬೇಕು. ಮಂಜು ಬರೆಯೋದು ಅಂದರೆ ಎಲ್ಲಿ ಬರೆಯಬಾರದು ಅಂತ ಗೊತ್ತಿರೋದು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಸರ್ಕಾರಿ ಗ್ಯಾಲರಿಯೇ ಇದೆ, ಕಬ್ಬನ್ ಪಾರ್ಕಿಗೆ ಅಂಟಿಕೊಂಡು. ಒಂದು ಸಲ ನನ್ನ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗ ಬಹಳ ಹೊತ್ತು ನಿಂತು ನೋಡಿ, ‘ಸಾರ್, ಚಳಿ ಆಗ್ತಿದೆ’ ಅಂದ. ಅವನು ಸುಮ್ನೆ ಹೇಳಿದ್ದಲ್ಲ.

ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿಯವರು ಇದ್ದರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ದುಡಿದವರು, ಜಲವರ್ಣದಲ್ಲಿ ಪ್ರಕೃತಿ ಬರೆದವರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗದಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿ ಎಷ್ಟೋ ಹಳ್ಳಿ ಹುಡುಗರ ಕೈಗೆ ಬ್ರಶ್ ಕೊಟ್ಟರು. ಒಂದೊಂದು ಸೀಮೆಯ ಬೆಳಕೂ ಬೇರೆ ಅಲ್ವಾ? ಗದಗದ ಕಡೆಯ ಎರೆ ಭೂಮಿ ಬಿಸಿಲನ್ನು ನುಂಗುತ್ತದೆ, ನಮ್ಮ ಕೆಮ್ಮಣ್ಣು ಅದನ್ನು ವಾಪಸ್ ಎಸೆಯುತ್ತದೆ. ನಮ್ಮ ಕಡೆ ಸುಣ್ಣ ಬಳಿದ ಗೋಡೆಯ ಬುಡ ನೋಡಿ, ಮಧ್ಯಾಹ್ನ ಅದು ಬಿಳಿ ಇರುವುದಿಲ್ಲ, ತೆಳ್ಳಗೆ ಕೆಂಪಾಗಿರುತ್ತದೆ. ಮಲೆನಾಡಿನಲ್ಲಿ ಮಳೆ ದಿನ ನೆರಳೇ ಇರುವುದಿಲ್ಲ, ಎಲ್ಲ ಒಂದೇ ಹದದಲ್ಲಿ ಹೊಳೆಯುತ್ತದೆ.

ಪ್ರಕೃತಿ ಚಿತ್ರ ಅಂದರೆ ಎಲ್ಲರೂ ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಯ ಹೆಸರು ಹೇಳುತ್ತಾರೆ. ನಾನೂ ಹೇಳುತ್ತೇನೆ, ದೊಡ್ಡ ಕಲಾವಿದ. ಆದರೆ ಅವನು ಏನು ಬರೆದ ನೋಡಿ. 1890-91ರಲ್ಲಿ ತನ್ನ ಮನೆ ಹತ್ತಿರದ ಹೊಲದ ಬಣವೆಗಳನ್ನೇ ಇಪ್ಪತ್ತಕ್ಕೂ ಜಾಸ್ತಿ ಸಲ ಬರೆದ. ಬೆಳಿಗ್ಗೆ ಒಂದು, ಸಂಜೆ ಒಂದು, ಹಿಮ ಬಿದ್ದಾಗ ಒಂದು. ಬಣವೆ ನಮ್ಮಲ್ಲಿ ಇಲ್ವಾ? ಪ್ರತಿ ಹಳ್ಳಿಯ ಕಣದಲ್ಲೂ ಇದೆ. ರಾಗಿಹುಲ್ಲಿನ ಬಣವೆ ಬೆಳಗ್ಗೆ ಆರೂವರೆಗೆ ಜೇನಿನ ಬಣ್ಣ, ಮಧ್ಯಾಹ್ನ ಬೂದಿ, ಮಳೆ ಬಿದ್ದ ಮಾರನೇ ದಿನ ಕಾಫಿಪುಡಿ. ಅದನ್ನು ಬರೆಯೋದಕ್ಕೆ ಒಂದು ಮಗುವಿಗೆ ಬೇಕಾಗಿರೋದು ಪರೀಕ್ಷೆಯ ಪ್ಯಾಡು, ಎರಡು ಕ್ಲಿಪ್ಪು, ಒಂದು ಡಬ್ಬಿ ಬಣ್ಣ, ಒಂದು ಲೋಟ ನೀರು, ಮತ್ತೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ಹೋಗಿ ಕೂರುವ ಅವಕಾಶ.

ಫೋನಿನಲ್ಲಿ ಫೋಟೋ ತೆಗೆದರೆ ಆಗಲ್ವಾ ಮೇಷ್ಟ್ರೇ ಅಂತ ಕೇಳುತ್ತಾರೆ. ಅದೂ ಇರಲಿ. ಆದರೆ ಆ ಹುಡುಗಿಯ ಹುಣಸೆಮರವನ್ನು ಸಾಯಂಕಾಲ ಫೋನಿನಲ್ಲಿ ತೆಗೆದು ನೋಡಿ. ಎಷ್ಟೋ ಸಲ ನೆರಳು ಕಪ್ಪಗಾಗುತ್ತದೆ, ಇಲ್ಲ ಆಕಾಶ ಬೆಳ್ಳಗಾಗುತ್ತದೆ. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಮತ್ತೆ ಫೋಟೋಕ್ಕೆ ಒಂದು ಕ್ಷಣ ಸಾಕು, ಚಿತ್ರಕ್ಕೆ ಒಂದು ಗಂಟೆ ಬೇಕು. ಆ ಗಂಟೆಯಲ್ಲಿ ಮಗು ಮರವನ್ನು ಓದುತ್ತದೆ, ಎಲ್ಲಿ ಕೊಂಬೆ ಕಡಿದಿದ್ದಾರೆ, ಎಲ್ಲಿ ಇರುವೆ ಹತ್ತುತ್ತಿದೆ, ನೆರಳು ಎಷ್ಟು ಸರಿಯಿತು, ಎಲ್ಲ. ಅಷ್ಟು ಹೊತ್ತು ಒಂದು ಮರದ ಮುಂದೆ ಕೂತ ಮಗು ಆ ಮರ ಕಡಿಯುವಾಗ ಸುಮ್ಮನಿರುವುದಿಲ್ಲ.

ಈಗ ನನ್ನ ಕೋರಿಕೆ. ಪ್ರತಿಭಾ ಕಾರಂಜಿಯೇ ಇರಲಿ, ಸಂಘ ಸಂಸ್ಥೆಯವರ ಸ್ಪರ್ಧೆಯೇ ಇರಲಿ, ಪ್ರಕೃತಿ ಅಂತ ವಿಷಯ ಕೊಟ್ಟ ಮೇಲೆ ಮಕ್ಕಳನ್ನು ಹೊರಗೆ ಕೂರಿಸಿ. ಶಾಲೆ ಅಂಗಳ ಸಾಕು, ಮರದ ನೆರಳು ಸಾಕು. ಎದುರಿಗೆ ಕಾಣೋದನ್ನು ಬರೆಯಲಿ, ಸೊಟ್ಟ ಆದರೂ ಪರವಾಗಿಲ್ಲ. ತೀರ್ಪು ಕೊಡುವವರು ಫಿನಿಶಿಂಗ್ ನೋಡುವ ಮೊದಲು, ಈ ಮಗು ಏನನ್ನು ಕಂಡಿದೆ ಅಂತ ನೋಡಲಿ. ಶಾಲೆಗಳು ಪ್ರವಾಸಕ್ಕೆ ಬೆಂಗಳೂರಿಗೆ ಬರುತ್ತವಲ್ಲ, ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡು ನೇರ ಮಾಲ್‌ಗೆ ಹೋಗುವ ಬದಲು ಒಂದು ಗಂಟೆ ನಮ್ಮ ಕಲಾವಿದರ ಮೂಲ ಚಿತ್ರಗಳ ಮುಂದೆ ಮಕ್ಕಳನ್ನು ನಿಲ್ಲಿಸಿ.

ನಿಮ್ಮ ಪತ್ರಿಕೆಗೂ ಒಂದು ಮಾತು. ಟಬೂಬಿಯಾ ಬಿಟ್ಟಾಗ ನೀವು ಮುಖಪುಟದಲ್ಲಿ ಫೋಟೋ ಹಾಕುತ್ತೀರಿ, ನೋಡಿ ಖುಷಿ ಪಡುತ್ತೇವೆ. ಭಾನುವಾರದ ಪುರವಣಿಯಲ್ಲಿ ವಾರಕ್ಕೊಂದು ಕನ್ನಡ ನಾಡಿನ ಪ್ರಕೃತಿ ಚಿತ್ರವನ್ನೂ ಬಣ್ಣದಲ್ಲಿ ಹಾಕಿ. ಬರೆದವರು ಯಾರು, ಯಾವ ಊರು, ಯಾವ ಜಾಗದಲ್ಲಿ ಕೂತು ಬರೆದದ್ದು, ಇಷ್ಟು ಎರಡು ಸಾಲು ಕೊಟ್ಟರೆ ಸಾಕು. ನಮ್ಮ ಮೇಷ್ಟ್ರುಗಳು ಅದನ್ನು ಕತ್ತರಿಸಿ ಕ್ಲಾಸಿನ ಗೋಡೆಗೆ ಅಂಟಿಸುತ್ತಾರೆ, ನಾನು ಗ್ಯಾರಂಟಿ ಕೊಡುತ್ತೇನೆ. ಎರಡು ಬೆಟ್ಟದ ಪಕ್ಕ ಒಂದು ನಿಜವಾದ ಕೆರೆ ಏರಿ ಇದ್ದರೆ ಮಕ್ಕಳು ತಾವೇ ಆರಿಸಿಕೊಳ್ಳುತ್ತಾರೆ.

ಆ ಹುಡುಗಿಯ ಶಾಲೆಗೆ ಹೋಗಿ ಬಂದೆ. ಅವಳ ಮೇಷ್ಟ್ರ ಹತ್ತಿರ, ಮನೆಯವರ ಹತ್ತಿರ ಮಾತಾಡಿದ್ದೇನೆ. ಇನ್ನು ಮೂರು ವಾರಕ್ಕೆ ನಮ್ಮ ಕಡೆ ಕತ್ತಿಕಾಯಿ ಮರ ಕೆಂಪಾಗುತ್ತದೆ. ರಜದ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅವರೂರಿನ ಕೆರೆ ಏರಿ ಮೇಲೆ ಕೂರೋದು ಅಂತ ಮಾತಾಗಿದೆ. ಈಗಾಗಲೇ ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ. ಕಾಗದ, ಬಣ್ಣ ನನ್ನದು. ಪ್ಯಾಡು ಮಾತ್ರ ಅವರವರೇ ತರಬೇಕು.

ಇತಿ,
ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ದೊಡ್ಡಬಳ್ಳಾಪುರ